ಸುಮ್ಮನೆ ಇರುವವರ ನಡಾವಳಿ

ಬೆಳಗಿನ ಆರೂವರೆಗೆ ಮುನಿಕೃಷ್ಣಪ್ಪನವರ ಒಂದು ಕೈ ಮಾತ್ರ ಅಂಗಿಯೊಳಗಿತ್ತು. ಇನ್ನೊಂದು ಕೈ ರಾಗಿಹಿಟ್ಟಿನ ಡಬ್ಬದಲ್ಲಿ ಕನ್ನಡಕ ಹುಡುಕುತ್ತಿತ್ತು. ಅದನ್ನು ಅಲ್ಲಿ ಹುಗಿದಿಟ್ಟ ಒಂದೂವರೆ ವರ್ಷದ ಮೊಮ್ಮಗಳು ಚಂದನ, ತಾತನ ಶೋಧವನ್ನು ಪರೀಕ್ಷಾಧಿಕಾರಿಯ ಗಾಂಭೀರ್ಯದಿಂದ ಗಮನಿಸುತ್ತಿದ್ದಳು. ಕನ್ನಡಕವೇನೋ ಸಿಕ್ಕಿತು. ಆದರೆ ಮಗುವನ್ನು ಕಂಕುಳಲ್ಲಿ, ಕ್ಯಾನನ್ನು ಕೈಯಲ್ಲಿ ಹಿಡಿದು ಅವರು ತಲುಪುವಷ್ಟರಲ್ಲಿ ಡೈರಿಯ ಬಾಗಿಲು ಹಾಕಿ ನಾಲ್ಕು ನಿಮಿಷವಾಗಿತ್ತು. ಆ ವಾರ ಇದು ಮೂರನೆಯ ಸಲ.

ಹೆಂಡತಿ ಚಿಕ್ಕಗಂಗಮ್ಮ ಮಗಳ ಬಾಣಂತನಕ್ಕೆಂದು ಮುಳಬಾಗಿಲಿಗೆ ಹೋಗಿ ಹನ್ನೊಂದು ದಿನಗಳಾಗಿದ್ದವು. ಮಗ ಟೊಮೆಟೊ ಟೆಂಪೊ ಓಡಿಸಿಕೊಂಡು ನಸುಕಿಗೆ ಮೊದಲೇ ಕೋಲಾರದ ಮಾರುಕಟ್ಟೆ ಸೇರುತ್ತಿದ್ದ. ಸೊಸೆ ಶ್ವೇತಳನ್ನು ವೇಮಗಲ್ ಫ್ಯಾಕ್ಟರಿಯ ಬಸ್ಸು ಐದೂ ನಲವತ್ತಕ್ಕೆ ಹತ್ತಿಸಿಕೊಳ್ಳುತ್ತಿತ್ತು. ಊರಿನಲ್ಲಿ ಸರ್ಕಾರದ ಕೂಸಿನ ಮನೆ ಇತ್ತು. ಕೆರೆಯ ಹೂಳೆತ್ತಲು ಹೋಗುವ ಹೆಂಗಸರ ಮಕ್ಕಳನ್ನು ಹಗಲು ನೋಡಿಕೊಳ್ಳಲೆಂದು ತೆರೆದದ್ದು. ಅದೇ ಹೆಂಗಸರು ಈಗ ಫ್ಯಾಕ್ಟರಿಗೆ ಹೋಗುತ್ತಿದ್ದರೂ ಅದರ ಬೀಗ ಮಾತ್ರ ಹತ್ತು ಗಂಟೆಗೇ ತೆರೆಯುತ್ತಿತ್ತು.

ಆ ಸಂಜೆ ಶ್ವೇತ ಕೆಟ್ಟ ಹಾಲನ್ನೂ ಮಾವನ ಬಳಲಿದ ಮುಖವನ್ನೂ ನೋಡಿ, ಸೋಮವಾರದಿಂದ ಕೆಲಸ ಬಿಡುವುದಾಗಿ ತಣ್ಣಗೆ ಹೇಳಿದಳು. ಎರಡು ವರ್ಷದ ಕೆಲಸ. ಮುಂದಿನ ತಿಂಗಳು ಕಾಯಂ ಆಗುವುದಿತ್ತು. ಮುನಿಕೃಷ್ಣಪ್ಪನವರು ರಾತ್ರಿಯ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ತಟ್ಟೆ ಸರಿಸಿದರು. ಅಷ್ಟರಲ್ಲಿ ಹೆಂಡತಿಯ ಫೋನು ಬಂತು.

"ಏನ್ರೀ, ಸುಮ್ನೆ ತಾನೆ ಇದೀರಾ?"

ಆ ಪ್ರಶ್ನೆಯ ಮೂಲ ಅವರಿಗೆ ಗುರುವಾರ ಸಂಜೆಯ ಗ್ರಾಮಸಭೆಯಲ್ಲಿ ನೆನಪಾಯಿತು. ಪಂಚಾಯಿತಿ ಅಧಿಕಾರಿ ಶಿವಶಂಕರ್ ಕಳೆದ ವರ್ಷದ ನಡಾವಳಿಯನ್ನು ಗಟ್ಟಿಯಾಗಿ ಓದಿದರು: "ಕೂಸಿನ ಮನೆಯನ್ನು ನಸುಕಿನಲ್ಲೇ ತೆರೆಯಬೇಕೆಂಬ ಮನವಿಗೆ ಶ್ರೀ ಮುನಿಕೃಷ್ಣಪ್ಪನವರು ಆಕ್ಷೇಪಿಸಿ, ಮನೆಯಲ್ಲಿ ಹೆಂಗಸರು ಸುಮ್ಮನೆ ತಾನೆ ಇರುತ್ತಾರೆ ಎಂದರು. ಚಪ್ಪಾಳೆಯ ನಡುವೆ ಸಮಯವನ್ನು ಹತ್ತು ಗಂಟೆಗೆ ನಿಗದಿಪಡಿಸಲಾಯಿತು."

ಚಂದನ ತಾತನ ಮೀಸೆಯನ್ನು ಹಿಡಿದು ಜಗ್ಗಿದಳು. ಹೆಂಗಸರ ಸಾಲಿನಲ್ಲಿ ಸೆರಗುಗಳು ಒಂದೊಂದಾಗಿ ಬಾಯಿಗೆ ಏರಿದವು. ಕಳೆದ ವರ್ಷ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದ ಚನ್ನರಾಯಪ್ಪ ಮಾತ್ರ ಹೆಮ್ಮೆಯಿಂದ ತಲೆಯಾಡಿಸಿದ.

"ಸಾರ್, ಅದನ್ನ ಹೊಡೆದಾಕಿ," ಎಂದರು ಮುನಿಕೃಷ್ಣಪ್ಪ, ಮೀಸೆ ಬಿಡಿಸಿಕೊಳ್ಳುತ್ತ.

"ಆಡಿದ ಮಾತು ಹೊಡೆಯಕ್ಕೆ ಬರಲ್ಲ ಯಜಮಾನ್ರೆ. ಬೇಕಾದ್ರೆ ಕೆಳಗಡೆ ಹೊಸದು ಬರೀಬೋದು."

"ಹಂಗಾದ್ರೆ ಬರ್ಕೊಳ್ಳಿ. ಐದೂವರೆಗೆ ತೆಗೀಬೇಕು."

ಕೂಸಿನ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಭಾರತಮ್ಮ ಎದ್ದು ನಿಂತಳು. ತೆರೆಯಲು ತನ್ನದೇನೂ ತಕರಾರಿಲ್ಲ, ಸರದಿಗೆ ಜೊತೆಯವಳೂ ಇದ್ದಾಳೆ. ಆದರೆ ತನ್ನ ಮನೆಯಲ್ಲಿ ಎರಡು ಹಸು, ಕರೆದ ಹಾಲನ್ನು ಡೈರಿಗೆ ಒಯ್ಯಲು ತಾನೊಬ್ಬಳೇ ಎಂದು ವಿವರಿಸಿದಳು. ಕೊನೆಗೆ ಮೆಲ್ಲಗೆ ಕೇಳಿದಳು: "ನಮ್ಮನೆಯವ್ರು ಎದ್ದೇಳೋದು ಎಂಟಕ್ಕೆ. ಹಾಲು ಯಾರು ಹೊರ್ತಾರಣ್ಣಾ?"

ಹೆಂಗಸರ ಸಾಲಿನಲ್ಲಿ ಶ್ವೇತ ನೆಲ ನೋಡುತ್ತಿದ್ದಳು. ಮುನಿಕೃಷ್ಣಪ್ಪ ಸೊಸೆಯನ್ನು ನೋಡಿದರು, ಕಂಕುಳಿನ ಮಗುವನ್ನು ಒಮ್ಮೆ ಮೇಲಕ್ಕೆ ಸರಿಸಿಕೊಂಡರು.

"ನಾನು ಹೊರ್ತೀನಿ. ಅದನ್ನೂ ಬರ್ಕೊಳ್ಳಿ ಸಾರ್."

ಶಿವಶಂಕರ್ ಬರೆದುಕೊಂಡರು, ಮೇಲಿನವರ ಒಪ್ಪಿಗೆಗೆ ತಾವೇ ಪತ್ರ ಹಾಕುವುದಾಗಿಯೂ, ಅಲ್ಲಿಯವರೆಗೆ ಪ್ರಾಯೋಗಿಕವಾಗಿ ನಡೆಯಲೆಂದೂ ಹೇಳಿದರು.

ಸೋಮವಾರ ಐದೂವರೆಗೆ ಕೂಸಿನ ಮನೆಯ ದೀಪ ಹೊತ್ತಿತು. ಚಂದನಳ ಹಿಂದೆಯೇ ಇನ್ನೂ ಆರು ಕೂಸುಗಳು ಒಳಗೆ ಹೋದವು. ಐದೂ ನಲವತ್ತರ ಬಸ್ಸಿನ ಕಿಟಕಿಯಿಂದ ಶ್ವೇತ ಹೊರಗೆ ನೋಡಿದಳು: ಮಾವ ಎರಡು ಕೈಯಲ್ಲಿ ಎರಡು ಕ್ಯಾನು ಹಿಡಿದು ಡೈರಿಯತ್ತ ನಡೆಯುತ್ತಿದ್ದರು. ಒಂದರ ಮುಚ್ಚಳದ ಮೇಲೆ ಕೆಂಪು ಬಣ್ಣದಲ್ಲಿ ಭಾರತಮ್ಮನ ಹೆಸರಿತ್ತು.

ಟೀ ಅಂಗಡಿಯ ಬೆಂಚಿನಿಂದ ಚನ್ನರಾಯಪ್ಪ ಕೂಗಿದ: "ಏನ್ಲಾ ಮುನಿಕೃಷ್ಣ, ಊರವರ ಹಾಲೆಲ್ಲ ಹೊರ್ತಾ ಇದೀಯ?"

"ಸುಮ್ನೆ ತಾನೆ ಇದೀನಿ," ಎಂದರು ಮುನಿಕೃಷ್ಣಪ್ಪ. ಎರಡು ಹೆಜ್ಜೆ ಮುಂದೆ ಹೋಗಿ, ಹಿಂತಿರುಗಿ ಬಂದು, ಒಂದು ಕ್ಯಾನನ್ನು ಬೆಂಚಿನ ಮೇಲಿಟ್ಟರು. "ನೀನೂ ಹಂಗೇ ಇದೀಯಲ್ಲ. ಏಳು."