ಯಾರ ಹಂಗೂ ಇಲ್ಲದ ಮನೆ

"ಇಲ್ಲೊಂದು ಸಹಿ ಹಾಕ್ಬಿಡಿ ಅಮ್ಮಾ, ಐದೇ ನಿಮಿಷದಲ್ಲಿ ಕಿತ್ತುಹಾಕ್ತೀನಿ" ಎಂದು ಜಲಮಂಡಳಿಯವನು ಕಾಗದ ಚಾಚಿದಾಗ ಅವಳ ಕೈ ಹೊಲಿಗೆ ಯಂತ್ರದ ಚಕ್ರದ ಮೇಲೇ ನಿಂತುಬಿಟ್ಟಿತು.

"ಏನನ್ನಪ್ಪಾ ಕೀಳೋದು?"

"ನಲ್ಲಿ ಕನೆಕ್ಷನ್ನು. ಸಾರ್ ಅರ್ಜಿ ಕೊಟ್ಟಿದ್ದಾರಲ್ಲ. ಆದ್ರೆ ಕನೆಕ್ಷನ್ನು ನಿಮ್ಮ ಹೆಸರಲ್ಲಿದೆ."

ಅವನ ಹಿಂದೆ ಗಂಡ ಮದುವಣಿಗನ ಹಾಗೆ ಬೀಗುತ್ತ ನಿಂತಿದ್ದ.

ಇಪ್ಪತ್ತೆರಡು ವರ್ಷ ವಿಮಾ ಕಂಪನಿಯಲ್ಲಿ ದುಡಿದವನು. ಮೇಲಿನವರ ಫೋನು ಬಂದರೆ ಕಲಸಿದ ತುತ್ತು ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದ. ರಾಜೀನಾಮೆ ಬಿಸಾಕಿ ಬಂದ ದಿನ ಬಾಯಿ ತೆರೆದುಕೊಂಡು ಸಂಜೆಯವರೆಗೆ ಮಲಗಿದ್ದ. ಆ ಮುಖ ನೋಡಿ ಅವಳಿಗೂ ಹಾಯೆನಿಸಿತ್ತು. ಆದರೆ ಅವನ ಸ್ವಾತಂತ್ರ್ಯ ಅಲ್ಲಿಗೇ ನಿಲ್ಲಲಿಲ್ಲ. ಫೋನು ಹೋಯಿತು. ಸೂರಿನ ಮೇಲೆ ಸೋಲಾರ್ ಬಂದು ಕರೆಂಟಿನ ತಂತಿ ಹೋಯಿತು. ಮೋಡ ಕವಿದರೆ ಮಿಕ್ಸಿ ಮುಷ್ಕರ ಹೂಡುತ್ತಿತ್ತು. ಮನೆಯಲ್ಲೇ ಸೋಪು ಮಾಡುತ್ತೇನೆಂದು ಕುದಿಸಿದವನು ಅವನು, ತಳ ಹತ್ತಿದ ಪಾತ್ರೆಯನ್ನು ಎರಡು ದಿನ ಉಜ್ಜಿದವಳು ಇವಳು. ಮನೆಗೆ ಬಂದವರ ಮುಂದೆಲ್ಲ ಒಂದೇ ರಾಗ: "ಯಾರ ಹಂಗೂ ಇಲ್ದೆ ಬದುಕ್ತಿದೀವಿ ನೋಡಿ."

"ರೀ, ನನ್ನನ್ನ ಒಂದು ಮಾತು ಕೇಳಿದ್ರಾ?"

"ಕೇಳೋದೇನೇ? ಹಿತ್ತಲಲ್ಲಿ ಬಾವಿ ಇದೆ, ಕೈಪಂಪು ಹಾಕ್ಸಿದೀನಿ. ಅವರು ನೀರು ಬಿಡೋವರೆಗೂ ಬಾಯಿ ಬಿಟ್ಕೊಂಡು ಕೂರೋ ಕರ್ಮ ನಮಗ್ಯಾಕೆ?"

"ಪಂಪು ಒತ್ತೋರು?"

"ನಾವೇ."

"ನಾವು ಅಂದ್ರೆ?"

ನೀರಿನವನು ತನ್ನ ಚಪ್ಪಲಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

"ಈ ಮನೆಗೆ ದಿನಕ್ಕೆ ಎಷ್ಟು ಬಕೆಟ್ ನೀರು ಬೇಕು, ಹೇಳಿ ನೋಡೋಣ" ಎಂದು ಅವಳು ಗಂಡನನ್ನು ಕೇಳಿದಳು.

"ಒಂದು... ಹತ್ತು?"

"ಮೂವತ್ತು. ಹಾಸಿಗೆ ಹಿಡಿದಿರೋ ನಿಮ್ಮಮ್ಮನ ಬಟ್ಟೆ ಜಾಸ್ತಿ ಆದ ದಿನ ನಲವತ್ತು." ಅವಳು ದನಿ ಏರಿಸಲಿಲ್ಲ. "ಕಂಪನಿ ಹಂಗು ಬಿಟ್ರಿ, ಕರೆಂಟಿನ ಹಂಗು ಬಿಟ್ರಿ. ನನ್ನ ಹಂಗು ಯಾವಾಗ ಬಿಡ್ತೀರಿ?"



ಅವಳು ಕಾಗದವನ್ನು ಮಡಚಿ ನೀರಿನವನ ಕೈಗೇ ಕೊಟ್ಟಳು. "ಎಂಟು ದಿನ ಬಿಟ್ಟು ಬಾಪ್ಪ. ಅಲ್ಲಿವರೆಗೆ ನಾನು ನಲ್ಲಿ ಮುಟ್ಟಲ್ಲ, ಪಂಪೂ ಮುಟ್ಟಲ್ಲ. ನೀರೆಲ್ಲ ಇವರೇ ತರ್ಲಿ. ಆಮೇಲೂ ನಲ್ಲಿ ಬೇಡ ಅಂದ್ರೆ ಕಣ್ಣು ಮುಚ್ಕೊಂಡು ಸಹಿ ಹಾಕ್ತೀನಿ."

ಬದುಕಿದೆಯಾ ಬಡಜೀವವೇ ಎಂದು ನೀರಿನವನು ಹೊರಟುಹೋದ. ಗಂಡ ಏನೋ ಗೊಣಗುತ್ತ ಬಕೆಟ್ ಎತ್ತಿಕೊಂಡು ಹಿತ್ತಲಿಗೆ ನಡೆದ. ಕಿಟಕಿಯಲ್ಲಿ ಅವನ ಬೆನ್ನು ಕಾಣುತ್ತಿತ್ತು. ನಾಲ್ಕನೇ ಬಕೆಟ್ಟಿಗೆ ಅಂಗಿ ಬಿಚ್ಚಿದ. ಆರನೆಯದಕ್ಕೆ ಅಂಗೈಗೆ ಉಫ್ ಎಂದು ಊದಿಕೊಂಡ.

ಒಳಕೋಣೆಯಿಂದ ಅತ್ತೆ ಕೂಗಿದರು: "ಯಾರಿದೀರಿ? ಬಟ್ಟೆಯೆಲ್ಲ ಒದ್ದೆಯಾಗಿದೆ."

ಅಭ್ಯಾಸಬಲದಿಂದ ಅವಳು ಅರ್ಧ ಎದ್ದಳು. ಮತ್ತೆ ಕೂತಳು. ಹಲ್ಲು ಕಚ್ಚಿಕೊಂಡು ಸೂಜಿಗೆ ದಾರ ಪೋಣಿಸಿದಳು. ಎರಡು ಸಲ ತಪ್ಪಿತು.

ಹಿತ್ತಲಲ್ಲಿ ಪಂಪಿನ ಸದ್ದು ನಿಂತಿತು. ತುಂಬಿದ ಬಕೆಟ್ಟಿನ ಭಾರಕ್ಕೆ ಒಂದು ಕಡೆ ವಾಲಿಕೊಂಡು ಗಂಡ ಒಳಗೆ ಬಂದ. ಅವಳ ಕಡೆ ನೋಡದೆ ದಾಟಿ ಹೋದ.

"ಬಂದೆ ಅಮ್ಮಾ" ಎಂದ.

ಹೊಸಿಲಿನಿಂದ ಅತ್ತೆಯ ಕೋಣೆಯವರೆಗೂ ಅವನ ಹಸಿ ಹೆಜ್ಜೆಗಳು ಬಿದ್ದಿದ್ದವು.