ಟೈಲ್ಸಿನ ಮೇಲೆ ಅಗ್ನಿಪರ್ವತ

ಭೂಗೋಳದ ಮೇಡಮ್ಮಿಗೆ ನಿಂತಲ್ಲಿ ನಿಲ್ಲುವ ಸ್ವಭಾವವೇ ಇಲ್ಲ. "ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದೀಯ ಕಣೇ" ಎಂದು ಅವರ ತಾಯಿ ಈಗಲೂ ಬೈಯುತ್ತಾರೆ. ಶಾಲೆಯ ಮಕ್ಕಳು ಬೆನ್ನ ಹಿಂದೆ 'ಬಿರುಗಾಳಿ' ಎನ್ನುತ್ತಾರೆ. ಅದು ಅವರ ಕಿವಿಗೂ ಬಿದ್ದಿದೆ, ಒಳಗೊಳಗೇ ಖುಷಿಯೂ ಆಗಿದೆ.

ಆ ದಿನವಂತೂ ಬೆಳಗಿನಿಂದ ಮೈಮೇಲೆ ಇರುವೆ ಬಿಟ್ಟ ಹಾಗಾಗಿತ್ತು. ಮೂರನೇ ಪೀರಿಯಡ್ಡಿಗೆ ಹೆಡ್ಮಾಸ್ಟರು ಏಳನೇ ಕ್ಲಾಸಿನ ಪ್ರಾಜೆಕ್ಟ್ ನೋಡಲು ಬರುವವರಿದ್ದರು. ಮಕ್ಕಳು ಆಗ್ಮೆಂಟೆಡ್ ರಿಯಾಲಿಟಿ ಆ್ಯಪಿನಲ್ಲಿ ಒಂದು ಅಗ್ನಿಪರ್ವತ ಮಾಡಿದ್ದರು. ಮೊದಲೇ ಗುರುತು ಮಾಡಿಟ್ಟ ಚಿತ್ರಕ್ಕೆ ಫೋನಿನ ಕ್ಯಾಮೆರಾ ಹಿಡಿದರೆ ಸಾಕು, ಪರದೆಯಲ್ಲಿ ಆ ಚಿತ್ರದ ಮೇಲೆ ಬೆಟ್ಟ ಎದ್ದು ನಿಲ್ಲಬೇಕು, ಲಾವಾ ಉಕ್ಕಬೇಕು. ಇದಕ್ಕೆಂದೇ ಮೇಡಂ ಕಂಡಕಂಡವರನ್ನು ಕಾಡಿ ಬೇಡಿ ಐದು ಹಳೇ ಫೋನು ಒಟ್ಟುಮಾಡಿದ್ದರು. ಕ್ಲಾಸಿನಲ್ಲಿ ಫೋನ್ ಎಂದರೆ ಹೆಡ್ಮಾಸ್ಟರಿಗೆ ಮೊದಲಿನಿಂದಲೂ ಮೈಯುರಿ. "ಒಂದ್ಸಲ ನೋಡ್ತೀನಿ. ಸರಿ ಕಾಣ್ಲಿಲ್ವೋ, ಐದೂ ನನ್ನ ಬೀರುಗೆ" ಎಂದು ಮೊದಲೇ ಹೇಳಿಬಿಟ್ಟಿದ್ದರು.

ಪ್ರಾಜೆಕ್ಟಿನ ಲೀಡರ್ ಹುಡುಗಿಯನ್ನು ಎಲ್ಲರೂ ಅಳತೆಪಟ್ಟಿ ಎನ್ನುತ್ತಿದ್ದರು. ಸ್ಕೇಲಿಲ್ಲದೆ ಒಂದು ಗೆರೆ ಎಳೆದವಳಲ್ಲ, ಯೋಚಿಸದೆ ಒಂದು ಮಾತಾಡಿದವಳಲ್ಲ. ಗುರುತಿನ ಚಿತ್ರವನ್ನು ಅವಳೇ ಹಾಳೆಯ ಮೇಲೆ ಬರೆದಿದ್ದಳು. ಹಿಂದಿನ ದಿನ ಫ್ಯಾನಿನ ಗಾಳಿಗೆ ಆ ಹಾಳೆ ಎರಡು ಸಲ ಹಾರಿತು. ಮೇಡಮ್ಮಿನ ತಾಳ್ಮೆ ಅಷ್ಟಕ್ಕೇ ಮುಗಿಯಿತು.

"ಹಾಳೆ ಬೇಡ ಬಿಡೇ. ನೆಲದ ಟೈಲ್ಸ್ ಮೇಲೇ ಎಷ್ಟು ಚೆಂದದ ಹೂವಿದೆ! ಅದನ್ನೇ ಗುರುತು ಮಾಡು. ಅದೇನು ಹಾರಿಹೋಗತ್ತಾ?"

"ಮೇಡಂ, ಆದ್ರೆ..."

"ಆದ್ರೆ ಗೀದ್ರೆ ಏನೂ ಬೇಡ. ಬೇಗ ಫೋಟೋ ತೆಗಿ."

ಅವಳು ಬಾಗಿಲ ಬಳಿಯ ಟೈಲ್ಸಿನ ಫೋಟೋ ತೆಗೆದಳು. ಮೇಡಂ ಕುಕ್ಕರಗಾಲಲ್ಲಿ ಕೂತು, ಫೋನನ್ನು ನೆಲಕ್ಕೆ ಹತ್ತಿರ ಹಿಡಿದರು. ಬೆಟ್ಟ ಲಕ್ಷಣವಾಗಿ ಎದ್ದಿತು. ಆಯಿತಲ್ಲ, ಇನ್ನೇನು ಎಂದು ಮೇಡಂ ಮುಂದಿನ ಕ್ಲಾಸಿಗೆ ಓಡಿದರು.

ಮರುದಿನ ಮೂರನೇ ಪೀರಿಯಡ್ಡಿಗೆ ಹೆಡ್ಮಾಸ್ಟರು ಬಂದಾಗ ಮೇಡಂ ಪಕ್ಕದಲ್ಲೇ ಇದ್ದರು. ಹೆಡ್ಮಾಸ್ಟರು ಮಕ್ಕಳ ಹಾಗೆ ನೆಲಕ್ಕೆ ಬಗ್ಗಿ ಕೂರುವವರೇ? ನಿಂತಲ್ಲಿಂದಲೇ ಫೋನ್ ಹಿಡಿದರು. ಕ್ಯಾಮೆರಾಕ್ಕೆ ಅರ್ಧ ಕೋಣೆಯ ನೆಲ ಕಂಡಿತು. ಅಲ್ಲೆಲ್ಲ ಅದೇ ಟೈಲ್ಸು, ಅದೇ ಹೂವು. ತನ್ನ ಜಾಗ ಯಾವುದೆಂದು ಪಾಪ ಅಗ್ನಿಪರ್ವತಕ್ಕೇ ತಿಳಿಯಲಿಲ್ಲ. ಬಾಗಿಲ ಬಳಿ ಎದ್ದದ್ದು ಬೆಂಚಿನ ಕೆಳಕ್ಕೆ ಹಾರಿತು, ಅಲ್ಲಿಂದ ಕಸದ ಬುಟ್ಟಿಯ ಪಕ್ಕಕ್ಕೆ. ಕೊನೆಗೆ ಹೆಡ್ಮಾಸ್ಟರ ಎರಡು ಬೂಟುಗಳ ನಡುವೆ ಎದ್ದು ಲಾವಾ ಉಕ್ಕಿಸತೊಡಗಿತು. ಅವರು ಗಾಬರಿಬಿದ್ದು ಒಂದು ಕಾಲು ಮೇಲೆತ್ತಿದರು. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು.

"ಟೈಲ್ಸ್ ಮೇಲೆ ಮಾಡಿ ಅಂದಿದ್ದು ಯಾರು?" ಎಂದರು ಹೆಡ್ಮಾಸ್ಟರು.

ಯಾವತ್ತೂ ತಡಮಾಡದ ಮೇಡಂ ಅವತ್ತು ತಡಮಾಡಿದರು.

"ನಾನೇ ಸರ್" ಎಂದಳು ಅಳತೆಪಟ್ಟಿ.

ಹೆಡ್ಮಾಸ್ಟರು ಕಾಲಿಳಿಸಿದರು, ಅವರಿಗೂ ನಗು ಬಂತು. "ಅಲ್ಲ ಪುಟ್ಟಿ, ನೆಲ ಪೂರ್ತಿ ಒಂದೇ ಹೂವು ಅನ್ನೋದು ಕಾಣ್ಲಿಲ್ವಾ? ಹೋಗ್ಲಿ, ಮಕ್ಕಳಲ್ವಾ. ಸರಿಮಾಡಿ ಇಡಿ, ಮುಂದಿನ ವಾರ ಬರ್ತೀನಿ."

ಫೋನುಗಳು ಉಳಿದವು. ಆದರೆ ಮಧ್ಯಾಹ್ನ ಮೇಡಂ ಊಟದ ಡಬ್ಬಿ ತೆರೆದರೂ ತಿನ್ನಲಿಲ್ಲ. ಸ್ಟಾಫ್ ರೂಮಿನಲ್ಲಿ ಕೂತರು, ಎದ್ದರು, ಕಿಟಕಿಗೆ ಹೋದರು, ಬಂದರು. ಹೊರಗೆ ಯಾರೋ "ಎಲ್ಲಾ ಅಳೀತಾಳೆ, ನೆಲ ನೋಡಕ್ಕೆ ಬರಲ್ಲ" ಎಂದು ಕೂಗಿದ್ದು ಕೇಳಿಸಿತು. ತಮ್ಮ ತಪ್ಪಿಗೆ ಮಗುವನ್ನು ಮುಂದೆ ಬಿಟ್ಟು ನಿಂತಿದ್ದಕ್ಕೆ ಅವರಿಗೆ ತಮ್ಮ ಮೇಲೇ ಅಸಹ್ಯವಾಯಿತು. ಡಬ್ಬಿಯ ಮುಚ್ಚಳ ಕೂಡ ಹಾಕದೆ ಹೆಡ್ಮಾಸ್ಟರ ಕೋಣೆಗೆ ನುಗ್ಗಿ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟರು.

ಹೆಡ್ಮಾಸ್ಟರು ಕನ್ನಡಕ ತೆಗೆದಿಟ್ಟರು. "ಮಕ್ಕಳು ತಪ್ಪು ಮಾಡಿ ಕಲೀತಾರೆ ಅಂತ ಸುಮ್ನಾದೆ. ಕಲಿಸೋರಿಗೇ ಗೊತ್ತಿಲ್ಲದ ಸಾಮಾನು ಕ್ಲಾಸಲ್ಲಿ ಯಾಕಮ್ಮಾ?" ಜವಾನನನ್ನು ಕರೆದರು. ಹತ್ತು ನಿಮಿಷದಲ್ಲಿ ಐದೂ ಫೋನು ಬೀರು ಸೇರಿದವು.

ಆದರೂ ಮೇಡಮ್ಮಿನ ಎದೆ ಹಗುರಾಗಿತ್ತು. ವರಾಂಡದಲ್ಲಿ ಅಳತೆಪಟ್ಟಿ ಎದುರಾದಳು.

"ಫೋನ್ ಯಾಕೆ ತಗೊಂಡ್ಹೋದ್ರು ಮೇಡಂ?"

"ನಿಜ ಹೇಳ್ಬಿಟ್ಟೆ ಕಣೇ. ನನ್ನ ತಪ್ಪು ನಿನ್ನ ತಲೆ ಮೇಲೆ ಯಾಕೆ ಬರ್ಬೇಕು?"

ಹುಡುಗಿಯ ಮುಖ ಕೆಂಪಾಯಿತು. "ನಮ್ಮ ತಪ್ಪು ಅಂದ್ರೆ ಬೈದು ಬಿಡ್ತಾರೆ, ನಿಮ್ಮ ತಪ್ಪು ಅಂದ್ರೆ ಫೋನ್ ಕಿತ್ಕೊಳ್ತಾರೆ. ಅದಕ್ಕೇ 'ನಾನೇ' ಅಂದಿದ್ದು. ಕ್ಲಾಸಿನವ್ರು ಏನಾದ್ರೂ ಆಡ್ಕೊಳ್ಲಿ, ನನಗೇನು? ಹೇಳೋಕೆ ಹೋಗೋ ಮುಂಚೆ ನನ್ನನ್ನ ಒಂದು ಮಾತು ಕೇಳ್ಬಹುದಿತ್ತಲ್ಲ ಮೇಡಂ?"

ಮೇಡಂ ಅಲ್ಲೇ ನಿಂತುಬಿಟ್ಟರು. ಗಂಟೆ ಹೊಡೆಯಿತು, ಮಕ್ಕಳು ಅವರ ಅಕ್ಕಪಕ್ಕದಿಂದ ಓಡಿದರು. ಅವರು ಕದಲಲಿಲ್ಲ.

"ಸರಿ, ಹೇಳು" ಎಂದರು ಕೊನೆಗೆ, ಮೆಲ್ಲಗೆ. "ಈಗ ಏನು ಮಾಡೋಣ?"

"ಈಗ್ಯಾಕೆ ಕೇಳ್ತೀರಿ?" ಎಂದು ಅವಳು ಕ್ಲಾಸಿನ ಕಡೆ ನಡೆದಳು.