ಮದರಾಸಿನ ಅಲೆ ಪಳಗಿಸಿದವನು ಹರಿಗೋಲು ಹತ್ತಿದ್ದು

ಮದರಾಸಿನ ಸಮುದ್ರದ ಅಲೆಯೊಂದನ್ನು ಹೋರಿಯಂತೆ ಪಳಗಿಸಿ, ಅದರ ಬೆನ್ನ ಮೇಲೆ ನಿಂತು ಎಲೆಅಡಿಕೆ ಮೆಲ್ಲುತ್ತಾ, ಸುಣ್ಣ ಸಾಲದೆ ಬಂದಾಗ ದಡಕ್ಕಿಳಿದು ಸುಣ್ಣ ಹಚ್ಚಿಕೊಂಡು, ನನಗಾಗಿ ಕಾದು ನಿಂತಿದ್ದ ಅದೇ ಅಲೆಯನ್ನು ಮತ್ತೆ ಹತ್ತಿದವನು ಈ ಭೂಮಿಯ ಮೇಲೆ ನಾನೊಬ್ಬನೇ. ಸಾವಿರದ ಒಂಬೈನೂರ ಮೂವತ್ತೆಂಟರಲ್ಲಿ, ಹೊನ್ನಾಳಿ ಹತ್ತಿರದ ಹೊಳೆದಂಡೆಯ ಮನೆಯೊಂದರಲ್ಲಿ, ಮಂಡಕ್ಕಿ ಉಸುಳಿಯ ತಟ್ಟೆಯನ್ನು ಎದುರಿಗಿಟ್ಟುಕೊಂಡು ಈ ಮಾತು ಹೇಳಿದೆ. ಹೆಣ್ಣು ನೋಡಲು ಹೋಗಿದ್ದೆ.

ನನ್ನದು ಜಗಳೂರು ಸೀಮೆಯ ಸೊಕ್ಕೆ. ಹೆಸರು ಮೂಕಪ್ಪ, ಇಟ್ಟವರು ಅವಸರಪಟ್ಟರು. ನಮ್ಮ ಕಡೆ ನೀರೆಂದರೆ ಬಾವಿಯ ತಳದಲ್ಲಿ ಬೊಗಸೆಯಷ್ಟು ಮಿನುಗುವ ವಸ್ತು. ಹೆಣ್ಣಿನ ಮನೆಯವರಿಗೋ ಮನೆ ತುಂಗಭದ್ರೆಯ ಈ ದಡದಲ್ಲಿ, ಹೊಲ ಆ ದಡದಲ್ಲಿ. ತಂದೆತಾಯಿ ಇಲ್ಲದ ಉಡಚಮ್ಮನನ್ನು ಸಾಕಿದವಳು ಅಜ್ಜಿ ಉಚ್ಚಂಗೆಮ್ಮ. ಅಳಿಯನಾದವನು ಅವರ ಮನೆಯಲ್ಲೇ ಉಳಿದು, ದಿನವೂ ಹರಿಗೋಲಿನಲ್ಲಿ ಹೊಳೆ ದಾಟಿ ಹೊಲ ಮಾಡಬೇಕು. ನನಗಿಂತ ಮುಂಚೆ ಬಂದಿದ್ದ ಎರಡು ಗಂಡುಗಳು ಹೊಳೆ ನೋಡಿದ್ದೇ ಬಂದ ದಾರಿ ಹಿಡಿದಿದ್ದರಂತೆ.

'ನೀರು ಕಂಡ್ರೆ ಹೆದರಿಕೆ ಅಂತ ಬಾಯಿ ಬಿಟ್ಯೋ, ಈ ಸಂಬಂಧ ಹೋತು,' ಎಂದು ದಾರಿಯಲ್ಲೇ ಎಚ್ಚರಿಸಿದ್ದ ನನ್ನ ಸೋದರಮಾವ ಅಂಜಿನಪ್ಪ.

ಈ ಸಂಬಂಧ ಕೈತಪ್ಪಿ ಹೋಗಬಾರದಿತ್ತು. ಉಡಚಮ್ಮನನ್ನು ಹೊನ್ನಾಳಿ ಸಂತೆಯಲ್ಲಿ ಒಮ್ಮೆ ನೋಡಿದ್ದೆ. ಸೌತೆಕಾಯಿ ಮಾರುತ್ತಿದ್ದಳು. 'ಕಾಯಿ ಕಹಿ ಇದ್ರೆ?' ಎಂದು ಕೊಸರಾಡುತ್ತಿದ್ದ ಗಿರಾಕಿಯೊಬ್ಬನಿಗೆ, 'ನಿಮ್ಮ ಮಾರಿಗೆ ಸರಿಹೊಂದ್ತೈತೆ ಬಿಡ್ರಿ' ಎಂದಿದ್ದಳು. ಅಂದಿನಿಂದ ನನಗೆ ಬೇರೆ ಹೆಣ್ಣು ಹೆಣ್ಣಾಗಿ ಕಂಡಿರಲಿಲ್ಲ.

'ಸಮುದ್ರ ಅಂದ್ರೆ ನಮ್ಮ ಹೊಳೆಗಿಂತ ದೊಡ್ಡದೇನ್ರಿ?' ಎಂದು ಕೇಳಿದಳು ಉಚ್ಚಂಗೆಮ್ಮ.

'ಅಜ್ಜಿ, ನಿಮ್ಮ ಹೊಳೆ ಸಮುದ್ರದ ಬೆವರು.'

ಮಾವ ಕೆಮ್ಮಿದ.

'ಅಲ್ಲಿಗೆ ಅಷ್ಟೊಂದು ಜನ ಯಾಕೆ ಹೋಗ್ತಾರೆ? ಬಟ್ಟೆ ಒಗಿಯಾಕೋ?' ಎಂದಳು ಅಜ್ಜಿ.

ಬಿಡುತ್ತೇನೆಯೇ. ಅಲ್ಲಿನ ಮರಳು ಎಷ್ಟಗಲವೆಂದರೆ ಬೆಳಿಗ್ಗೆ ರಸ್ತೆ ಬಿಟ್ಟವನು ನೀರು ಮುಟ್ಟುವಷ್ಟರಲ್ಲಿ ಬುತ್ತಿ ಎರಡು ಸಲ ಬಿಚ್ಚಬೇಕೆಂದೆ. ಸಂಜೆಯಾದರೆ ಮದರಾಸಿನಲ್ಲಿ ಮನೆ ಕಾಯಲು ಬೆಕ್ಕು ಕೂಡ ಉಳಿಯುವುದಿಲ್ಲ, ದೊರೆಗಳು, ವಕೀಲರು, ಬಾಣಂತಿಯರು ಎಲ್ಲರೂ ಗಾಳಿಗೆ ಬರುತ್ತಾರೆ, ಬ್ಯಾಂಡು ಬಾರಿಸುತ್ತಾರೆ ಎಂದೆ. ಆ ಗಾಳಿಗೆ ಹಸಿವು ಎಷ್ಟಾಗುತ್ತದೆಂದರೆ ಕಡಲೆ ಉಸುಳಿ ಮಾರುವವನೊಬ್ಬ ಮೂರು ಮಹಡಿ ಕಟ್ಟಿಸಿದ್ದಾನೆಂದೆ. ಬೆಸ್ತರು ಮೂರು ದಿಮ್ಮಿ ಬಿಗಿದ ತೆಪ್ಪವನ್ನು ಅಲೆಗೆ ಬಿಡುತ್ತಾರೆ, ನಾನು ಅದನ್ನೂ ಬೇಡವೆಂದು ಬರಿಗಾಲಿನಲ್ಲೇ ನಿಂತೆ, ಬಿಳಿ ದೊರೆಯೊಬ್ಬ ಟೋಪಿ ತೆಗೆದು ತಲೆ ಬಗ್ಗಿಸಿದ ಎಂದೆ.

ಬಾಗಿಲ ಮರೆಯಿಂದ ಉಡಚಮ್ಮನ ದನಿ ಬಂತು: 'ಅಷ್ಟೆಲ್ಲಾ ಆದ್ರೂ ಪಂಚೆ ಒದ್ದೆ ಆಗ್ಲಿಲ್ವೇನು?'

'ಅಲೆಗೂ ಮರ್ಯಾದೆ ಗೊತ್ತಿರ್ತೈತೆ,' ಎಂದೆ.

ಉಚ್ಚಂಗೆಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು. 'ಹಂಗಾರೆ ನಮ್ಮ ಹೊಳೆ ನಿಮಗೆ ಯಾವ ಲೆಕ್ಕ. ಬರ್ರಿ, ಹೊಲ ನೋಡ್ಕೊಂಡು ಬರಾನ.'

ಮಾವನಿಗೆ ಅದೇ ಗಳಿಗೆಯಲ್ಲಿ ಮೊಣಕಾಲು ನೋವು ಬಂತು. ಆತ ದಂಡೆಯಲ್ಲೇ ಉಳಿದ.

ಹರಿಗೋಲೆಂದರೆ ತೊಗಲು ಹೊದಿಸಿದ ಬಿದಿರಿನ ದೊಡ್ಡ ಬುಟ್ಟಿ. ಹತ್ತಿದ ಕೂಡಲೇ ಕುಕ್ಕರುಗಾಲಿನಲ್ಲಿ ಕೂರಬೇಕೆಂಬುದು ಹೊಳೆಸಾಲಿನ ಹಾಲುಹಲ್ಲಿನ ಮಕ್ಕಳಿಗೂ ಗೊತ್ತು. ನಮ್ಮ ಸೀಮೆಯವರು ಹತ್ತುವುದು ಎತ್ತಿನ ಗಾಡಿ. ಗಾಡಿಯಲ್ಲಿ ಕೂರುವವರು ಹೆಂಗಸರು, ಕಾಯಿಲೆಯವರು. ಗಂಡಸಾದವನು ನಿಂತು ಹೊಡೆಯುತ್ತಾನೆ. ನಾನು ಸೊಂಟಕ್ಕೆ ಕೈ ಕೊಟ್ಟು ನಿಂತೆ.

'ಕುಂದರ್ರಿ,' ಎಂದಳು ಹುಟ್ಟು ಹಿಡಿದ ಉಡಚಮ್ಮ.

'ಸಮುದ್ರದಾಗೆ ನಿಂತೋನು ಹೊಳ್ಯಾಗೆ ಕುಂತ್ರೆ ಸಮುದ್ರಕ್ಕೆ ಅವಮಾನ.'

ಆಕೆ ಹುಟ್ಟನ್ನು ಒಂದೇ ಸಲ ಎಳೆದಳು. ಹರಿಗೋಲು ತಿರುಗಿತು. ಹೊಲ, ಮನೆ, ಮಾವ, ಮತ್ತೆ ಹೊಲ, ಮನೆ, ಮಾವ. ಎರಡನೇ ಸುತ್ತಿಗೆ ಮಾವ ನಗುತ್ತಿದ್ದುದು ಕಂಡಿತು. ಮೂರನೆಯ ಸುತ್ತಿಗೆ ನನಗೆ ಏನೂ ಕಾಣಲಿಲ್ಲ, ಏಕೆಂದರೆ ನಾನು ಬೋರಲು ಬಿದ್ದು, ಉಚ್ಚಂಗೆಮ್ಮನ ಎರಡೂ ಪಾದ ಅವುಚಿಕೊಂಡು, ನಮ್ಮ ಮನೆದೇವರ ಹೆಸರು ಕೂಗುತ್ತಿದ್ದೆ.

'ಸಾಕು ಏಳ್ರಿ,' ಎಂದಳು ಅಜ್ಜಿ. 'ಆಶೀರ್ವಾದ ಮಾಡೀನಿ.'

ಏಳಲಿಲ್ಲ. ನಡುಹೊಳೆಯಲ್ಲಿ ಹರಿಗೋಲು ನಿಧಾನವಾಯಿತು.

'ಯಾವ ದಡಕ್ಕೆ ಬಿಡ್ಲಿ ಅಜ್ಜಿ?'

'ಅವರನ್ನೇ ಕೇಳು. ನಿಜ ಹೇಳಿದ್ರೆ ಹೊಲದ ಕಡೆ ಬಿಡು. ಇಲ್ಲಂದ್ರೆ ಅವರ ಮಾವನ ಹತ್ರ ಇಳಿಸಿಬಿಡು. ಹೆದರಿಕೆ ಒಂದು ತಿಂಗಳಾಗೆ ಹೋಗ್ತೈತೆ. ಸುಳ್ಳು ಬಿಡಿಸಾಕೆ ನನಗೆ ಅಷ್ಟು ಆಯಸ್ಸಿಲ್ಲ.'

ಪಾದ ಬಿಡದೆ, ಕಣ್ಣು ತೆರೆಯದೆ ಹೇಳಿದೆ: 'ಮದರಾಸಿಗೆ ಹೋಗಿದ್ದು ಖರೇ. ಜಗಳೂರಿನ ಶೇಂಗಾ ಸಾಹುಕಾರರೊಬ್ಬರು ಮೂಟೆ ಹೊರಾಕೆ ಕರ್ಕೊಂಡು ಹೋಗಿದ್ರು. ಸಮುದ್ರಕ್ಕೆ ಇಳಿಯೋವಾಗ ಮೆಟ್ಟು ನನ್ನ ಕೈಗೆ ಕೊಟ್ರು. ಅದನ್ನ ಕಂಡು ಬ್ಯಾರೇರೂ ತಂದು ಮುಂದಿಟ್ರು. ನಾನು ಮೆಟ್ಟು ಕಾಯ್ತಾ ಕುಂತಿದ್ದೆ.'

'ಎಷ್ಟು ಜೋಡಿ?' ಎಂದಳು ಉಡಚಮ್ಮ.

'ಸಾವಿರ.'

ಹರಿಗೋಲು ಮಾವನ ಕಡೆ ವಾಲಿದ ಹಾಗಾಯಿತು.

'ನೂರು.'

ಇನ್ನಷ್ಟು ವಾಲಿತು.

'ಹದಿನೇಳು ರೀ. ಅದ್ರಾಗೊಂದು ಒಂಟಿ.'

'ಅಷ್ಟು ದೂರ ಹೋಗಿ ನೀರಿಗೆ ಯಾಕೆ ಇಳೀಲಿಲ್ಲ?'

'ಹೆದರಿಕೆ.'

'ಮತ್ತೆ ಅಲ್ಲಿ ಏನೈತೆ ಅಂತ ಜನ ಹೋಗ್ತಾರೆ?'

ದೊಡ್ಡದು ಮಾಡಿ ಹೇಳಲು ಏನೂ ಹೊಳೆಯಲಿಲ್ಲ. ಕಂಡದ್ದನ್ನೇ ಹೇಳಿದೆ. 'ಒಬ್ಬರು ವಕೀಲರು ಬೂಟು ತಂದಿಟ್ರು. ಹುಳಿ ಮಜ್ಜಿಗೆ ಕುಡಿದಂಗಿತ್ತು ಮಾರಿ. ಅಲೆ ಬಂದು ಮೊಣಕಾಲಿಗೆ ಬಡೀತು. ಅಷ್ಟು ದೊಡ್ಡ ಮನುಷ್ಯ ಕಿರುಚಿ, ಪಕ್ಕದಾಗಿದ್ದ ಗುರುತಿಲ್ಲದ ಮುದುಕಿ ಕೈ ಹಿಡ್ಕೊಂಡ್ರು. ಇಬ್ರೂ ನಕ್ಕರು. ನಕ್ಕು ಇನ್ನೊಂದು ಅಲೆಗೆ ಕಾಯ್ತಾ ನಿಂತ್ರು. ಅಷ್ಟೇ ರೀ ಅಲ್ಲಿರಾದು. ನೀರು ಬರ್ತೈತೆ, ಹೋಗ್ತೈತೆ, ಜನ ಮತ್ತೆ ಬಡಿಸಿಕೊಳ್ಳಾಕೆ ನಿಲ್ತಾರೆ. ಈ ಅಲೆ ಹೋಗ್ಲಿ, ಮುಂದಿನದಕ್ಕೆ ನಾನೂ ಹೋಗ್ತೀನಿ ಅಂತ ಹೊತ್ತು ಮುಳುಗಾತನ ಕುಂತಿದ್ದೆ. ಹೋಗ್ಲಿಲ್ಲ.'

ಹುಟ್ಟು ನೀರಿಗೆ ಬೀಳುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಆಮೇಲೆ ಹರಿಗೋಲಿನ ತಳ ಮರಳಿಗೆ ಉಜ್ಜಿತು. ಕಣ್ಣು ಬಿಟ್ಟೆ. ಎದುರಿಗೆ ಅವರ ಹೊಲದ ಸೌತೆಬಳ್ಳಿ. ನಡುವೆ ಎರಡು ಮಾರು ನೀರು, ಪಾದ ಮುಳುಗುವಷ್ಟು.

ಅಜ್ಜಿ ನನ್ನ ಕೈಯಿಂದ ಪಾದ ಬಿಡಿಸಿಕೊಂಡು ಇಳಿದು ನಡೆದಳು. ಉಡಚಮ್ಮ ನೀರಿನಲ್ಲಿ ನಿಂತು ಹರಿಗೋಲಿನ ಅಂಚು ಹಿಡಿದಿದ್ದಳು.

'ಇಳೀರಿ,' ಎಂದಳು.

'ಇಳಿಯಾಕೂ ಹೆದರಿಕೆ ಆಗ್ತೈತೆ ರೀ,' ಎಂದೆ.